ಗಂಗಯ್ಯ ಒರೆಸದ ಲೆಕ್ಕ

ತಪ್ಪು ಲೆಕ್ಕವನ್ನು ಗಂಗಯ್ಯ ಕರಿಹಲಗೆಯಿಂದ ಒರೆಸುತ್ತಿರಲಿಲ್ಲ. ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ (ಅದರ ಹೆಸರು ಹೇಳಿ ಬಾಯಿ ಹೊಲಸು ಮಾಡಿಕೊಳ್ಳಲಾರೆ) ಆತ ಸಿಪಾಯಿ. ಗಂಟೆ ಹೊಡೆಯುವುದು, ಚಹಾ ತರುವುದು, ಸಾಲಿ ಬಿಟ್ಟ ಮೇಲೆ ಹಲಗೆ ಒರೆಸುವುದು ಆತನ ಪಾಲಿನ ಕೆಲಸ. ಲೆಕ್ಕ ಸರಿಯಿದ್ದರೆ ಒದ್ದೆ ಅರಿವೆಯಿಂದ ಮುದ್ದಾಗಿ ಒರೆಸುವನು. ತಪ್ಪಿದ್ದರೆ, ಬರೆದವರೇ ಬಂದು ತಿದ್ದುವ ತನಕ ಮುಟ್ಟನು. ಎಡಗಾಲು ತುಸು ಎಳೆಯುತ್ತ, ಹೆಜ್ಜೆ ಎಣಿಸುವವನಂತೆ ತುಟಿ ಅಲ್ಲಾಡಿಸುತ್ತ, ಮೊಣಕೈ ಹರಿದ ಖಾಕಿ ಕೋಟಿನ ಕಿಸೆಯಲ್ಲಿ ಹಲಗೆಗೆ ಬರೆಯುವ ಖಡುವಿನ ತುಂಡುಗಳನ್ನು ಗಲಗಲ ಅನ್ನಿಸುತ್ತ ನಡೆಯುವನು. ಮದುವೆಯ ಊಟವಿರಲಿ, ಊರಿನ ಜಗಳವಿರಲಿ, ಏನು ಹೇಳಿದರೂ ಕೊನೆಗೆ ಆತನದು ಒಂದೇ ಪ್ರಶ್ನೆ: "ಶೇಷ ಎಷ್ಟ ಉಳೀತ್ರೀ?"

ಸಾಲಿಯ ಎದುರಿಗೆ ನನ್ನ ಬೈಂಡಿಂಗ್ ಅಂಗಡಿ. ಮೂರನೆಯ ಇಯತ್ತೆ ದಾಟದ ನಾನು, ಹೊಲಿಯಲು ಬಂದ ಪುಸ್ತಕಗಳನ್ನೆಲ್ಲ ಓದಿಯೇ ಹೊಲಿದು ಬೆಳೆದವನು. ನಾಲ್ಕನೆಯದು ದಾಟದ ಗಂಗಯ್ಯ ನನಗೆ ಸರಿಜೋಡಿ. ಅಂಚು ಕತ್ತರಿಸಿ ಬಿದ್ದ ಕಾಗದದ ಪಟ್ಟಿಗಳನ್ನು ಆತನ ಭಾಗಾಕಾರಕ್ಕೆಂದೇ ಎತ್ತಿಡುತ್ತಿದ್ದೆ.

ಎಪ್ಪತ್ನಾಲ್ಕನೆಯ ಇಸವಿ. ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿ ಬಂದ ರಘೋತ್ತಮ ಮಾಸ್ತರರು ಹಲಗೆಯ ಮೂಲೆಯಲ್ಲಿ ಏಳು ಒಂದುಗಳನ್ನು ಸಾಲಾಗಿ ಬರೆದರು: ೧೧೧೧೧೧೧. ಇನ್ನೂರರ ತನಕ ಭಾಗಿಸಿ ನೋಡಿದ್ದೇನೆ, ಯಾವುದಕ್ಕೂ ಭಾಗ ಹೋಗದು, ಇದು ಅವಿಭಾಜ್ಯ ಎಂದು ಸಾರಿ ಕೆಳಗೆ ಗೆರೆ ಎಳೆದರು. ಸಂಜೆ ಗಂಗಯ್ಯ ಆ ಮೂಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಒರೆಸಿದ. ಮರುದಿನ ಚಹಾ ಇಡುತ್ತ ಕೇಳಿಯೂ ಬಿಟ್ಟ:

"ಸರ, ಇನ್ನೂರಕ್ಕ ಯಾಕ ನಿಂತ್ರಿ? ಸಾವಿರದ ಐವತ್ನಾಕನ್ನ ಅದರಿಂದ್ಲೇ ಗುಣಿಸಿದ್ರ ಈ ಅಂಕಿ ಸನೇಕ ಬರತೈತಿ, ಅಲ್ಲೀತನಕಾ ನೋಡಬೇಕಲ್ರಿ."

"ಗಂಟಿ ಬಡಿಯಾಂವ ನನಗ ಗಣಿತ ಕಲಸಲಿಕ್ಕೆ ಬಂದಾನ ನೋಡ್ರೆಪಾ!" ಅಂದರು ರಘೋತ್ತಮ ಮಾಸ್ತರರು. ಉಳಿದ ಮಾಸ್ತರರೆಲ್ಲ ಹೊಟ್ಟೆ ಹಿಡಿದು ನಕ್ಕರು.

"ಗಂಟಿ ನಾ ತಪ್ಪ ಬಡದ್ರ ನೀವ್ ಬಿಡ್ತೀರೇನ್ರಿ?"

ಹಲಗೆ ಒರೆಸುವುದು ಸಿಪಾಯಿಯ ಕೆಲಸವೆಂದು ರಘೋತ್ತಮ ಮಾಸ್ತರರಿಗೂ ಹಟ. ಏಳು ಒಂದುಗಳು ಹಾಗೇ ಉಳಿದವು.

ಮೂರನೆಯ ದಿನ ಗಂಗಯ್ಯ ನನ್ನ ಅಂಗಡಿಗೆ ಓಡಿಬಂದ. ಪರರ ಭಾಗಾಕಾರವನ್ನು ನಂಬದೆ ಮೂರರಿಂದಲೇ ಮೊದಲು ಮಾಡಿದವನು, ೨೧೧, ೨೨೩, ೨೨೭, ೨೨೯, ೨೩೩ ದಾಟಿ ೨೩೯ಕ್ಕೆ ಬಂದಾಗ ಶೇಷ ಸೊನ್ನೆ. ಆ ಬಿ.ಎಸ್ಸಿ. ಇನ್ನು ಆರೇ ಆರು ಅವಿಭಾಜ್ಯಗಳನ್ನು ನೋಡುವಷ್ಟು ಮೈ ಬಗ್ಗಿಸಿದ್ದರೆ ಸಾಕಿತ್ತು!

"ಇನ್ನೂರಾ ಮೂವತ್ತೊಂಬತ್ತು, ನಾಕ ಸಾವಿರದ ಆರನೂರಾ ನಲವತ್ತೊಂಬತ್ತು, ಎರಡನ್ನೂ ಗುಣಿಸ್ರಿ, ಏಳೂ ಒಂದು ಬರತಾವು. ಇನ್ನೊಂದ ಚಂದ ನೋಡ್ರಿ. ಎರಡನ್ನೂ ಏಳರಿಂದ ಭಾಗಿಸಿದ್ರ ಒಂದೊಂದ ಉಳೀತೈತಿ. ಅಪ್ಪಂದು ಏಳು ಒಂದು, ಮಕ್ಕಳೂ ಆ ಗುರುತು ಬಿಟ್ಟಿಲ್ಲ!"

ಮರುದಿನ ತಪಾಸಣೆಗೆ ಸಾಹೇಬರು ಬರುವವರು. ಹೊಲಿದ ಹಾಜರಿ ಪುಸ್ತಕಗಳನ್ನು ಮುಟ್ಟಿಸಲು ನಾನು ಸಾಲಿಗೆ ಹೋದಾಗ ಹೆಡ್‌ಮಾಸ್ತರರು ಹಲಗೆಯ ಮುಂದೆ ಚೀರುತ್ತಿದ್ದರು: "ಒರಸ್ತೀಯೋ, ಕೋಟ ಬಿಚ್ಚಿಟ್ಟ ಮನೀಗೆ ಹೋಗತೀಯೋ?"

ಗಂಗಯ್ಯ ಭಾಗಾಕಾರದ ಪಟ್ಟಿಯನ್ನು ಅಲ್ಲೇ ನಿಂತಿದ್ದ ರಘೋತ್ತಮ ಮಾಸ್ತರರ ಕೈಗೆ ಕೊಟ್ಟ. ಅವರು ಅದರ ಅಂಚಿನಲ್ಲೇ ಗುಣಿಸಿದರು. ಅವರ ಕಿವಿ ಕೆಂಪಾದದ್ದನ್ನು ಈ ಕಣ್ಣುಗಳೇ ನೋಡಿವೆ. ಪಟ್ಟಿಯನ್ನು ಮಡಚಿ ತಮ್ಮ ಕಿಸೆಗೆ ಇಳಿಬಿಟ್ಟು, ತಮ್ಮದೇ ಕರವಸ್ತ್ರದಿಂದ ಹಲಗೆ ಒರೆಸಿ, ಆ ಮನುಷ್ಯ ಅಂದದ್ದು ಇಷ್ಟು: "ಲೆಕ್ಕದ ಮಾತಲ್ಲ ಸರ. ಸಾಲ್ಯಾಗ ಶಿಸ್ತು ಅನ್ನೂದು ಅದನೋ ಇಲ್ಲೋ?"

ಹೆಡ್‌ಮಾಸ್ತರರು ನನ್ನತ್ತ ತಿರುಗಿದರು: "ನೀವ ಹೇಳ್ರಿ, ಇದು ಸೊಕ್ಕು ಹೌದೋ ಅಲ್ಲೋ?"

ವರ್ಷವಿಡೀ ಸಾಲಿಯ ಪುಸ್ತಕ ಹೊಲಿದು ಉಣ್ಣುವವನು ನಾನು. ಆ ಹೊತ್ತು ನನ್ನ ಬಾಯಿಯನ್ನೇ ಹೊಲಿದುಕೊಂಡು ನೆಲ ನೋಡಿದೆ. ಥೂ!

ಗಂಗಯ್ಯ ಕೋಟು ಬಿಚ್ಚಿದ. ಕಿಸೆಯ ಖಡುವಿನ ತುಂಡುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಬಾಗಿಲಲ್ಲಿ ನಿಂತು ನನ್ನೊಬ್ಬನನ್ನೇ ಕೇಳಿದ: "ಶೇಷ ಎಷ್ಟ ಉಳೀತ್ರೀ?" ಆಮೇಲೆ ರಾಮದುರ್ಗದ ಕಡೆಯ ಸಾಲಹಳ್ಳಿಗೆ, ತಂಗಿಯ ಮನೆಗೆ, ಹೋದನೆಂದು ಕೇಳಿದೆ.

ಗಂಗಯ್ಯನಂಥವರಿಗೆ ಗೆಲ್ಲುವ ಚಪಲವಿಲ್ಲ. ಸುಳ್ಳೊಂದು ಕಣ್ಣೆದುರು ಸರಿಯೆಂದು ಮೆರೆಯುವುದನ್ನು ಅವರು ತಾಳಲಾರರು. ಅದಕ್ಕೇ ಅವರನ್ನು ಕಂಡರೆ ಕಲಿತವರಿಗೆ ಉರಿ, ನನ್ನಂಥ ಅರ್ಧ ಕಲಿತವರಿಗೆ ಹೆದರಿಕೆ. ಊರು ಅವರ ಕೈಗೆ ಅರಿವೆ ಕೊಟ್ಟು ಒರೆಸು ಅನ್ನುತ್ತದೆ. ಅವರು ಒರೆಸುವುದಿಲ್ಲ. ಕೊನೆಗೆ ಊರು ಅವರನ್ನೇ ಒರೆಸಿ ಹಾಕುತ್ತದೆ, ನಾವು ನೆಲ ನೋಡುತ್ತ ನಿಂತಿರುವಾಗ.