ಅಂಚಿಗೆ ಹತ್ತುವ ನೀರು

ಅಪ್ಪ ಕಿಟಕಿಕಟ್ಟೆಯ ಮೇಲಿದ್ದ ಅಳತೆಗಾಜಿನ ಮುಂದೆ ಮಂಡಿಯೂರಿ ಕೂತಾಗಿತ್ತು. ಇನ್ನು ಮನೆಯಲ್ಲಿ ಯಾರೂ ಕೆಮ್ಮುವ ಹಾಗೂ ಇರಲಿಲ್ಲ. ಮೂವತ್ತೊಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಸಹಾಯಕನಾಗಿದ್ದವನು. ಅಮ್ಮನ ನೋವಿನ ಔಷಧಿಯನ್ನು ಬಾಟಲಿಯ ಜೊತೆ ಬಂದ ಪ್ಲಾಸ್ಟಿಕ್ ಮುಚ್ಚಳದಲ್ಲಿ ಅಳೆಯುವುದೆಂದರೆ ಅವನಿಗೆ ಅವಮಾನ. ನಿವೃತ್ತಿಯ ದಿನ ಕೇಳಿ ತಂದಿದ್ದ ಈ ಸಣ್ಣ ಗಾಜಿನ ಕೊಳವೆಯೇ ಆಗಬೇಕು. ದಿನಕ್ಕೆ ನಾಲ್ಕು ಸಲ, ಐದೈದು ಎಂ.ಎಲ್.

ರಜೆ ಹಾಕಿ ಬಂದಿದ್ದ ಮಗಳು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಮೊನ್ನೆಯೇ ಮುಗಿಯಬೇಕಾಗಿದ್ದ ಔಷಧಿ ಇನ್ನೂ ಎರಡು ಬೆರಳು ಉಳಿದಿತ್ತು. ಅವಳೂ ಅಪ್ಪನ ಪಕ್ಕ ಮಂಡಿಯೂರಿದಳು.

"ನೀರಿಗೆ ಗಾಜು ಕಂಡ್ರೆ ಪ್ರೀತಿ ಕಣೆ. ಅಂಚಲ್ಲಿ ಅಂಟ್ಕೊಂಡು ಮೇಲೆ ಹತ್ತುತ್ತೆ, ನಡುವೆ ತಗ್ಗಾಗುತ್ತೆ. ಅಂಚು ನಂಬಬೇಡ, ತಗ್ಗು ನೋಡು" ಎಂದು ಅವಳಿಗೆ ಏಳು ವರ್ಷವಿದ್ದಾಗಲೇ ಬಾಯಿಪಾಠ ಮಾಡಿಸಿದ್ದವನು ಇದೇ ಅಪ್ಪ. ಈಗ ಐದರ ಗೆರೆ ಮುಟ್ಟಿದ್ದು ಹೊಳೆಯುವ ಅಂಚು. ತಗ್ಗು ಗೆರೆಗಿಂತ ಕೆಳಗಿತ್ತು.

"ಅಪ್ಪ, ಅಂಚು ನೋಡ್ತಿದೀಯ."

"ನಂಗೇ ಪಾಠನಾ? ನಿನ್ನಂಥೋರು ಎಷ್ಟು ಜನಕ್ಕೆ ಹೇಳ್ಕೊಟ್ಟಿದೀನಿ ಗೊತ್ತಾ?"

"ಸರಿಯಾಗೇ ಇದೆ, ತನ್ನಿ ಇಲ್ಲಿ," ಅಂದಳು ಅಮ್ಮ ಮಂಚದಿಂದ. ಇಸಿದುಕೊಂಡು ಗಟಕ್ಕನೆ ಕುಡಿದಳು.

ಅಪ್ಪ ಕೊಳವೆ ತೊಳೆಯಲು ಹೋದ. ಅವನ ತೊಳೆಯುವಿಕೆಯೂ ಒಂದು ಪ್ರಯೋಗವೇ, ಬೇಗ ಮುಗಿಯುವಂಥದ್ದಲ್ಲ. ಮಗಳು ಅಮ್ಮನ ಹತ್ತಿರ ಕೂತಳು.

"ಕಮ್ಮಿ ಹಾಕ್ತಿದಾನಮ್ಮ. ಅವನಿಗೆ ತಗ್ಗು ಕಾಣ್ತಾನೇ ಇಲ್ಲ."

"ಗೊತ್ತು ಕಣೆ. ಹದಿನೈದು ದಿನ ಆಯ್ತು. ಮುಂಚೆ ಇನ್ನೊಂದು ಸಲ ಕುಡಿಯೋ ತನಕ ತಡೀತಿತ್ತು. ಈಗ ಒಂದು ಗಂಟೆ ಮುಂಚೆನೇ ನೋವು ಶುರುವಾಗುತ್ತೆ."

"ಮತ್ತೆ ಹೇಳೋದಲ್ವಾ?"

"ಏನಂತ ಹೇಳ್ಲಿ? ಪೇಪರ್ ಓದೋದು ಬಿಟ್ರು. ಸ್ಕೂಟರ್ ಮುಟ್ಟೋದು ಬಿಟ್ರು. ಇದೊಂದು ಉಳ್ಕೊಂಡಿದೆ ಅವರಿಗೆ. ನಾನು ಹೇಗೋ ಹಲ್ಲು ಕಚ್ಕೊಂಡಿರ್ತೀನಿ. ನೀನು ಬಾಯಿ ಬಿಡಬೇಡ."

ಬಚ್ಚಲಲ್ಲಿ ನೀರಿನ ಸದ್ದು ಯಾವಾಗಲೋ ನಿಂತಿತ್ತು. ಅಪ್ಪ ಬಾಗಿಲಲ್ಲಿದ್ದ, ಕೈಯಲ್ಲಿ ಒದ್ದೆ ಕೊಳವೆ. ಮುಖ ಸಣ್ಣಗಾಗಿ ಹೋಗಿತ್ತು. ಬಂದು ಕೊಳವೆಯನ್ನು ಮಗಳ ಕೈಗಿಟ್ಟ.

"ಮಧ್ಯಾಹ್ನದಿಂದ ನೀನೇ ಹಾಕು."

"ಅವಳಿಗೇನು ಗೊತ್ತಾಗುತ್ರೀ, ನಿಮ್ಮ ಕೈ ಅವಳಿಗೆಲ್ಲಿ ಬರುತ್ತೆ," ಅಂದಳು ಅಮ್ಮ ಗಡಿಬಿಡಿಯಲ್ಲಿ.

ಮಧ್ಯಾಹ್ನ ಮಗಳು ತಗ್ಗು ನೋಡಿಯೇ ಅಳೆದಳು. ಸ್ವಲ್ಪ ಹೊತ್ತಿಗೆ ಅಮ್ಮನಿಗೆ ನಿದ್ದೆ ಹತ್ತಿತು. ಅಪ್ಪ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತ. ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಗಿತ್ತು. ಹದಿನೈದು ದಿನ ಅವಳ ಪಕ್ಕದಲ್ಲೇ ಇದ್ದೂ ಅವನಿಗೆ ಏನೂ ಗೊತ್ತಾಗಿರಲಿಲ್ಲ.

ನಿದ್ದೆಯಲ್ಲಿ ಅಮ್ಮನ ಮುಷ್ಟಿ ಸಡಿಲಿತು. ಅವನು ಆ ಅಂಗೈಯನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿ, ಮೂಗು ತಾಗುವಷ್ಟು ಬಗ್ಗಿದ. ಉಗುರು ಊರಿದ ಸಣ್ಣ ಬಾಗಿದ ಗುರುತುಗಳು, ಕೆಲವು ಒಣಗಿದ್ದವು, ಕೆಲವು ಇನ್ನೂ ಹಸಿ. ಅವಳಿಗೆ ಎಚ್ಚರವಾಗದ ಹಾಗೆ ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಹೋದ.