ಕಂದು ಹಾಕಿದ ಹಸು

"ಏನ್ಲೇ ಗಾದ್ರಾ, ಕಾಲು ಅಗಲಿಸ್ಕಂಡು ನಡೀತೀಯಾ? ಯಾವ ಸೂಳೆ ಮನೆ ಹೊಕ್ಕು ಬಂದ್ಯಲೇ ಬೋಳಿಮಗನೇ?"

ಕೊಟ್ಟೂರಪ್ಪ ಜಗಲಿ ಮೇಲಿಂದ ಕೂಗಿದ. ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಯರ್ರಮ್ಮ ಒಬ್ಬಳು ನಗಲಿಲ್ಲ. ಗೊಬ್ಬರದ ಮಂಕರಿ ಹೊತ್ತು ಹಲ್ಲು ಕಚ್ಚಿ ಹೆಜ್ಜೆ ಇಡುತ್ತಿದ್ದ ಗಾದ್ರಪ್ಪ ಅವಳ ಗಂಡ. ಬಲಗಡೆಯ ಬೀಜ ಬದನೆಕಾಯಿ ಗಾತ್ರಕ್ಕೆ ಊದಿತ್ತು.

"ನಿಮ್ಮಾಣೆ ಗೌಡ್ರೇ, ಎಲ್ಲೂ ಹೋಗಿಲ್ರೀ."

"ಸುಮ್ಸುಮ್ನೆ ಊದ್ಕಂತದೇನ್ಲೇ?"

ಮತ್ತೆ ನಗು. ಆ ನಗು ಯರ್ರಮ್ಮನ ಹಿಂದೆಯೇ ಮನೆಗೆ ಬಂತು. ಅವಳು ಗಂಡನ ತಟ್ಟೆ, ಕಂಬಳಿ ಎತ್ತಿ ಆಡಿನ ಗೂಡಿಗೆ ಎಸೆದಳು.

"ನಿಜ ಹೇಳೋ ತನಕ ಒಳಗೆ ಕಾಲಿಕ್ಕಬ್ಯಾಡ."

ಹೇಳಲು ಅವನಲ್ಲಿ ಏನಿತ್ತು? ಇಪ್ಪತ್ತು ದಿನ ಆಡುಗಳ ಜೊತೆ ಮಲಗಿದ. ಸಂಜೆಯಾದರೆ ಜ್ವರ, ಆಮೇಲೆ ಕಂಬಳಿ ತೋಯುವಷ್ಟು ಬೆವರು. ಅವನ ನರಳಾಟ ಕೇಳಿದರೂ ಅವಳು ಮಗ್ಗುಲು ಬದಲಿಸುತ್ತಿದ್ದಳು.

ಎದ್ದು ನಿಲ್ಲಲೂ ಆಗದಾದಾಗ ಚಳ್ಳಕೆರೆ ಬಸ್ಸು ಹತ್ತಿಸಿದಳು.

ಡಾಕ್ಟರು ಮುಟ್ಟಿ ನೋಡಿದರು, ಸ್ಕ್ಯಾನ್ ಮಾಡಿಸಿದರು. ಬೀಜ ತಿರುಚಿಕೊಂಡಿಲ್ಲ ಅಂದರು. ಪೆಟ್ಟು ಬಿದ್ದಿತ್ತಾ, ಗದ್ದಬಾವು ಬಂದಿತ್ತಾ, ಉಚ್ಚೆ ಉರಿಯುತ್ತಾ, ಬೇರೆ ಹೆಂಗಸರ ಸಹವಾಸ ಉಂಟಾ? ಗಾದ್ರಪ್ಪ ಎಲ್ಲಕ್ಕೂ "ಇಲ್ರೀ" ಅಂದ.

"ದಿನ ತುಂಬೋ ಮೊದ್ಲೇ ಕಂದು ಹಾಕಿದ ದನ ಏನಾದ್ರೂ ಮುಟ್ಟಿದ್ಯಾ?"

"ಗೌಡ್ರವು ಎರಡು. ಸತ್ತ ಕರು ನಾನೇ ಎಳ್ದೆ. ಹೊಟ್ಟೆಯೊಳಗಿನ ಮಾಸು, ಕಸ ಬೀಳ್ಲಿಲ್ಲ ಅಂತ ಮೊಣಕೈ ತನಕ ಕೈ ಹಾಕಿದ್ದೆ ಸ್ವಾಮಿ."

ರಕ್ತ, ಉಚ್ಚೆ ಪರೀಕ್ಷೆಗೆ ಹೋದವು. ವಾರದ ಮೇಲೆ ಡಾಕ್ಟರು ಚೀಟಿ ಹಿಡಿದು ಯರ್ರಮ್ಮನ ಕಡೆ ತಿರುಗಿದರು.

"ಇದು ಹೆಂಗಸರಿಂದ ಬಂದಿದ್ದಲ್ಲಮ್ಮ. ದನದ ಕಂದು ರೋಗ ಇವನಿಗೆ ಹತ್ತಿ ಬೀಜಕ್ಕಿಳಿದಿದೆ. ಆರು ವಾರ ಮಾತ್ರೆ ತಪ್ಪಿಸಬಾರದು. ಕೈಗೆ ಚೀಲ ಹಾಕ್ಕೊಳ್ದೆ ಮುಟ್ಟಬೇಡ ಅಂತ ದನದ ಡಾಕ್ಟ್ರು ಹೇಳಲಿಲ್ವೇನಪ್ಪ?"

"ಗೌಡ್ರಿಗೆ ಏನೋ ಹೇಳಿ ಹೋದ್ರು. ಅವತ್ತಿಂದ ಗೌಡ್ರು ಕೊಟ್ಟಿಗೆ ಒಳಕ್ಕೆ ಬಂದಿಲ್ರೀ."

ಯರ್ರಮ್ಮ ನೆಲ ನೋಡಿದಳು. ಹಸು ಕಂದು ಹಾಕಿದ ದಿನ ಗೌಡರ ಮನೆಯಿಂದ ಕರೆ ಬಂದಾಗ ಅವನು ಮುದ್ದೆ ಮುರಿಯುತ್ತಿದ್ದ. ಉಂಡು ಹೋಗ್ತೀನಿ ಅಂದಿದ್ದ. "ಗೌಡ್ರು ಬೈತಾರೆ, ಏಳು" ಎಂದು ತಟ್ಟೆ ಕಿತ್ತುಕೊಂಡು ಕಳಿಸಿದವಳು ಅವಳೇ.

ಮನೆಗೆ ಬಂದವಳೇ ಆ ತಟ್ಟೆ ತೊಳೆದು ಒಳಗೆ ಮುದ್ದೆ ಬಡಿಸಿದಳು. "ಒಳಗೆ ಬಾ."

"ಇಲ್ಲೇ ಸರಿ ಐತೆ ಬಿಡೇ," ಅಂದ ಗಾದ್ರಪ್ಪ, ಅವಳ ಮುಖ ನೋಡದೆ. ಅವಳು ತಟ್ಟೆಯನ್ನು ಗೂಡಿಗೇ ಒಯ್ದಳು.

ಅಷ್ಟರಲ್ಲಿ ಗೌಡತಿ ಸರ್ವಮಂಗಳ ಬೀದಿಯಿಂದಲೇ ಕೂಗಿದಳು. "ಯರ್ರೀ, ಗಾದ್ರನ್ನ ಕಳಿಸೇ! ಕೆಂದ ಹಸಾನೂ ಕಂದು ಹಾಕೈತೆ."

ಗಾದ್ರಪ್ಪ ಗೋಡೆ ಹಿಡಿದು ಏಳಹೋದ.

"ನೀನುಣ್ಣು," ಎಂದು ಅವಳೇ ಹೋದಳು.

ಕೊಟ್ಟಿಗೆಯಲ್ಲಿ ಕೂದಲಿಲ್ಲದ ಕರು ಹುಲ್ಲಿನ ಮೇಲೆ ಬಿದ್ದಿತ್ತು. ಕೊಟ್ಟೂರಪ್ಪ ಮೂಗಿಗೆ ಟವೆಲ್ ಒತ್ತಿ ಬಾಗಿಲಾಚೆ ನಿಂತಿದ್ದ.

"ನಿನ್ನ ಗಂಡ ಎಲ್ಲೇ?"

"ಉಣ್ತಾವ್ನೆ."

"ಹಂಗಾರೆ ನೀನೇ ಎತ್ತಾಕು."

"ನಿಮ್ಮ ಹಸ, ನಿಮ್ಮ ಕರ. ನೀವೇ ಎತ್ರಿ ಗೌಡ್ರೇ. ಸುಮ್ಸುಮ್ನೆ ಊದ್ಕಂತದೇನು?"

"ಯಾರ ಮುಂದೆ ಮಾತಾಡ್ತಿದ್ದೀಯಾ, ಬೋಸುಡಿ!"

"ಆ ಕರ ಒಂದ್ಸಲ ಮುಟ್ರಿ, ನೋಡ್ತೀನಿ."

ಕೊಟ್ಟೂರಪ್ಪನ ಟವೆಲ್ ಜಾರಿ ಗಂಜಳದಲ್ಲಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಅರ್ಧಕ್ಕೇ ನಿಂತ. ಅವನ ಎರಡೂ ಕೈ ಬೆನ್ನ ಹಿಂದೆ ಸರಿದವು.