ಗಾಳಿಯ ಕೆಳಗೆ ಯಾರಿದ್ದಾರೆ

ತಮ್ಮ ತನ್ನ ತಲೆ ತಟ್ಟಿಕೊಳ್ಳುತ್ತಿದ್ದ. ಸಮುದ್ರದ ಮೊಣಕಾಲುದ್ದದ ನೀರಿನಲ್ಲಿ ನಿಂತು, ಒಂದು ಕೈಯಲ್ಲಿ ಮೇಲೆ ಹಾರುತ್ತಿದ್ದ ದೊಡ್ಡ ಗಾಳಿಪಟದ ಹಿಡಿಕೆ ಬಿಗಿಹಿಡಿದು, ಇನ್ನೊಂದರಿಂದ ಹೆಲ್ಮೆಟ್ಟಿನ ಮೇಲೆ ಪಟಪಟನೆ ಬಡಿದುಕೊಳ್ಳುತ್ತಿದ್ದ. ನನ್ನ ಪಟ ಇಳಿಸಬೇಕು, ಯಾರಾದರೂ ಬಂದು ಹಿಡಿಯಿರಿ ಎಂದು ಅದರ ಅರ್ಥ. ಗಾಳಿ ಜೋರಾಗುತ್ತಲೇ ಉಳಿದವರೆಲ್ಲ ಗಂಟುಮೂಟೆ ಕಟ್ಟಿ ಹೊರಟುಹೋಗಿದ್ದರು. ದಂಡೆಯ ಮೇಲೆ ಉಳಿದವಳು ಅವನ ಅಕ್ಕ ಒಬ್ಬಳೇ.

ಅಕ್ಕ ತಾನು ಮಡಚುತ್ತಿದ್ದ ಪಟದ ಮೇಲೆ ಕೂತು, ಕಾಣದವಳ ಹಾಗೆ ಬೇರೆ ಕಡೆ ನೋಡಿದಳು. ಒಂದು ವರ್ಷದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಹಲ್ಲಿನ ಡಾಕ್ಟರಾದ ಅವಳು ದಿನವಿಡೀ ಊರವರ ಬಾಯಿ ತೆರೆಸುವವಳು. ತಮ್ಮನೆದುರು ಮಾತ್ರ ಬಾಯಿಗೆ ಬೀಗ. ಅವನೇನು ಕಡಿಮೆಯೇ? ಲಿಫ್ಟ್ ರಿಪೇರಿ ಅವನ ಕೆಲಸ. ಅಕ್ಕನ ಕಟ್ಟಡದ ಲಿಫ್ಟ್ ಕೆಟ್ಟಾಗ ಜೊತೆಗಾರನನ್ನು ಮೇಲೆ ಕಳಿಸಿ ತಾನು ವ್ಯಾನಿನಲ್ಲೇ ಕೂತಿದ್ದ ಆಸಾಮಿ.

ಜಗಳ ಹುಟ್ಟಿದ್ದು ಇದೇ ನೀರಿನಲ್ಲಿ. ದೊಡ್ಡ ಗಾಳಿಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲಗೆಯ ಮೇಲೆ ನಿಂತು ಅಲೆ ಸೀಳುವ ಈ ಆಟದಲ್ಲಿ ಇಬ್ಬರು ಎದುರಾದರೆ ಬಲಗೈ ಮುಂದಿರುವವರಿಗೆ ದಾರಿ. ಅವತ್ತು ಅವಳ ಬಲಗೈ ಮುಂದಿತ್ತು. ಆದರೆ ದಡದಿಂದ ಹೊರಡುವವರಿಗೆ ದಡಕ್ಕೆ ಬರುವವರು ದಾರಿ ಬಿಡಬೇಕೆಂಬುದೂ ನಿಯಮವೇ. ಅವತ್ತು ಹೊರಟಿದ್ದವನು ಅವನು. ಇಬ್ಬರೂ ಬಿಡಲಿಲ್ಲ. ಅವನ ಹಲಗೆ ಬಡಿದು ಅವಳ ಭುಜದ ಮೂಳೆ ಬಿರುಕು ಬಿಟ್ಟಿತು. ತಪ್ಪು ಯಾರದೆಂದು ತೋರಿಸಲು ಮನೆಯಲ್ಲಿ ಊಟದ ಮೇಜೇ ಸಮುದ್ರವಾಗಿ, ಚಮಚಗಳೇ ಹಲಗೆಗಳಾಗಿ ಮತ್ತೆ ಮತ್ತೆ ಡಿಕ್ಕಿ ಹೊಡೆದವು. "ಇಬ್ರೂ ಸರಿ ಕಣ್ರೋ, ನಿಮ್ಮನ್ನ ಹೆತ್ತ ನಾನೊಬ್ಳೇ ತಪ್ಪು" ಎಂದು ಅಮ್ಮ ಚಮಚಗಳನ್ನು ಕಿತ್ತುಕೊಂಡು ತೊಳೆಯಲು ಹಾಕಿದ್ದಳು.

ತಮ್ಮ ಇನ್ನೂ ತಲೆ ತಟ್ಟಿಕೊಳ್ಳುತ್ತಲೇ ಇದ್ದ. ಈ ಗಾಳಿಗೆ ಅವನ ಪಟ ತೀರಾ ದೊಡ್ಡದು. ಒಬ್ಬನೇ ಇಳಿಸುವುದು ಆಗದ ಮಾತು. ಗಾಳಿ ನೀರಿನ ಕಡೆಯಿಂದ ಓರೆಯಾಗಿ ದಂಡೆಗೆ ಬೀಸುತ್ತಿತ್ತು, ಅದು ಬೀಸುವ ಕಡೆಗೇ ಕಾರು ನಿಲ್ಲಿಸುವ ಜಾಗದ ಕಲ್ಲುಗೋಡೆ. ತಲೆ ತಟ್ಟಿಕೊಂಡವನು ಯಾರೆಂದು ಕೇಳುವ ಪದ್ಧತಿ ದಂಡೆಯಲ್ಲಿಲ್ಲ. ಹತ್ತಿರವಿದ್ದವರು ಎದ್ದು ಹೋಗಿ ಹಿಡಿಯಬೇಕು, ಅಷ್ಟೆ. ಅವಳು ಮುಖ ಗಂಟಿಕ್ಕಿಕೊಂಡೇ ಎದ್ದು ಹೋಗಿ, ಹಿಡಿಯಲು ಸಿದ್ಧ ಎಂದು ಹೆಬ್ಬೆರಳೆತ್ತಿ ತೋರಿಸಿದಳು.

ಅವನು ದಡಕ್ಕೆ ಬಂದು ಪಟವನ್ನು ನಿಧಾನವಾಗಿ ಅವಳತ್ತ ಇಳಿಸತೊಡಗಿದ. ದಾರ ಮುಟ್ಟಬಾರದು, ಪಟದ ಮುಂಬದಿಯ, ಗಾಳಿ ತುಂಬಿದ ಅಂಚನ್ನೇ ಹಿಡಿಯಬೇಕು. ಅವಳ ಬೆರಳು ಇನ್ನೇನು ತಾಗಬೇಕು, ಅಷ್ಟರಲ್ಲಿ ಗಾಳಿ ಒಮ್ಮೆಲೇ ರೊಯ್ಯನೆ ನುಗ್ಗಿತು. ಪಟ ಕೈತಪ್ಪಿ ಅವಳ ತಲೆಯ ಮೇಲಿಂದ ಹಾರಿ ಮೇಲೇರಿತು. ತಮ್ಮ ಮುಗ್ಗರಿಸಿ ಬೋರಲಾಗಿ ಬಿದ್ದ. ಪಟ ಅವನನ್ನು ಮರಳಿನ ಮೇಲೆ ಗೋಡೆಯತ್ತ ದರದರನೆ ಎಳೆಯತೊಡಗಿತು.

"ಬಿಡೋ! ಬಿಟ್ಬಿಡು!" ಅವಳು ಕಿರುಚಿದಳು.

ಸೊಂಟದ ಬಳಿಯ ಕೆಂಪು ಬೀಗವನ್ನು ತಳ್ಳಿದರೆ ಸಾಕಿತ್ತು, ಪಟದ ಸೊಕ್ಕೆಲ್ಲ ಇಳಿದು ಒಂದೇ ದಾರಕ್ಕೆ ಜೋತು ಬೀಳುತ್ತಿತ್ತು. ಅವನ ಕೈ ಬೀಗದ ಮೇಲೇ ಇತ್ತು. ಆದರೂ ತಳ್ಳಲಿಲ್ಲ. ಕತ್ತೆತ್ತಿ ಅವಳನ್ನೇ ನೋಡುತ್ತ, ಮರಳು ಮೆತ್ತಿದ ಬಾಯಲ್ಲಿ ಏನೋ ಒದರುತ್ತಿದ್ದ. ಗಾಳಿಯಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಅವನನ್ನು ತಡೆಯಲೆಂದು ಅವನಿಗೂ ಗೋಡೆಗೂ ನಡುವೆ ಓಡಿಬಂದಿದ್ದ ಅವಳು ಆಗ ತಲೆಯೆತ್ತಿ ನೋಡಿದಳು. ಪಟ ನೇರ ಅವಳ ನೆತ್ತಿಯ ಮೇಲಿತ್ತು. ಬೀಗ ಬಿಟ್ಟರೆ ಅದು, ಅದರ ಚೂರಿಯಂಥ ದಾರಗಳ ಸಮೇತ, ಅವಳು ನಿಂತಲ್ಲಿಗೇ ಬಂದು ಬೀಳುತ್ತಿತ್ತು.

ಅವಳು ಗಾಳಿಗೆದುರಾಗಿ, ನೀರಿನ ಕಡೆಗೆ ಕಾಲು ಕಿತ್ತಳು. ಎಡವಿ ಬಿದ್ದಲ್ಲಿಂದಲೇ ಕೂಗಿದಳು: "ಬಂದೆ! ಈ ಕಡೆ ಬಂದೆ! ಈಗ ಬಿಡೋ ಕತ್ತೆ!"

ಅವನು ಬೀಗ ತಳ್ಳಿದ. ಪಟ ಒದ್ದೆ ಬಟ್ಟೆಯ ಹಾಗೆ ಪಟಾರನೆ ಒದರಿಕೊಂಡು, ಅವಳು ಬಿಟ್ಟುಬಂದ ಜಾಗದ ಮೇಲೆ ಹಾದು ಗೋಡೆಗೆ ಬಡಿದು ಮಲಗಿತು. ಗೋಡೆಗೆ ಒಂದು ಮಾರು ಈಚೆ ಎಳೆತ ನಿಂತು ತಮ್ಮ ಬೋರಲಾಗಿಯೇ ಬಿದ್ದಿದ್ದ. ಅಲ್ಲಾಡಲಿಲ್ಲ. ಅವಳು ಹೇಗೆ ಅಲ್ಲಿಗೆ ತಲುಪಿದಳೋ ಅವಳಿಗೇ ತಿಳಿಯದು. ಅವನನ್ನು ಮಗ್ಗುಲಾಗಿಸಿದಾಗ ಅವನು ಕಣ್ಣು ಪಿಳುಕಿಸಿದ.

"ಮೊದ್ಲು ಪಟದ ಮೇಲೆ ಮರಳು ಹಾಕು, ಮತ್ತೆ ಎದ್ದೀತು."

"ಪಟ ಹಾಳಾಗ್ಲಿ. ಬಾಯಿ ತೆಗಿ."

ತೆಗೆದ. ಅವಳು ಬೆರಳಿನಿಂದ ಮರಳು ಬಳಿದು ತೆಗೆದು, ಒಂದೊಂದೇ ಹಲ್ಲನ್ನು ಅಲ್ಲಾಡಿಸಿ ನೋಡಿದಳು. ಎಲ್ಲ ಗಟ್ಟಿಯಾಗಿದ್ದವು. ಮೊಣಕೈ ತರಚಿತ್ತು, ಗಲ್ಲ ಸುಲಿದಿತ್ತು, ಅಷ್ಟೆ. ಅಷ್ಟೇ ಎಂದು ಖಾತ್ರಿಯಾದ ಮೇಲೆ ಅವಳು ಅವನ ಪಕ್ಕದಲ್ಲೇ ಕೂತಳು.

"ಬೀಗದ ಮೇಲೇ ಕೈ ಇತ್ತಲ್ಲೋ. ಯಾಕೋ ಬಿಡ್ಲಿಲ್ಲ?"

"ನೀನು ಕೆಳಗೇ ನಿಂತಿದ್ದೆ ಅಲ್ವಾ ಅಕ್ಕಾ."

"ಗೋಡೆ ಕಾಣಿಸ್ಲಿಲ್ವಾ ನಿಂಗೆ?"

"ಕಾಣಿಸ್ತು."

ಅವಳು ಅವನ ಬೆನ್ನಿಗೊಂದು ಗುದ್ದು ಹಾಕಿದಳು. "ಅಮ್ಮಾ!" ಎಂದು ಅವನು ಕೂಗಿ, ನಕ್ಕು, ಕೆಮ್ಮಿದ. ಅವಳಿಗೂ ನಗು ಬಂತು. ಎಷ್ಟು ಬಂತೆಂದರೆ ಕಣ್ಣು ಒರೆಸಿಕೊಳ್ಳಬೇಕಾಯಿತು.

ಇಬ್ಬರೂ ಸೇರಿ ಪಟವನ್ನು ಬೋರಲು ಹಾಕಿ ಬೊಗಸೆ ಬೊಗಸೆ ಮರಳು ಹೇರಿದರು. ಆಮೇಲೆ ಗೋಡೆ ದಾಟಿ ಆಚೆ ಬದಿಯಲ್ಲಿ ಬೆನ್ನು ಕೊಟ್ಟು ಕೂತರು. ಅಲ್ಲಿ ಗಾಳಿಯಿರಲಿಲ್ಲ; ತಲೆಯ ಮೇಲಿಂದ ಹಾದುಹೋಗುವ ಅದರ ಸದ್ದು ಮಾತ್ರ. ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಅವನಿಗೆ ಕೊಟ್ಟಳು. ಅರ್ಧ ಕುಡಿದು ಅವನು ಮುಚ್ಚಳವನ್ನು ಅವಳತ್ತ ಚಾಚಿದ. ತಳದಲ್ಲಿ ಮರಳಿತ್ತು. ಅವಳು ಹಾಗೇ ಕುಡಿದಳು.